ಅಂತ್ಯಸಂಸ್ಕಾರದ ಸೇವೆಗೂ ಲೈಸೆನ್ಸ್, ತಪಾಸಣೆ ಬೇಕು

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನಮ್ಮ ತಂದೆ ತೀರಿಕೊಂಡರು. ನನ್ನ ತಮ್ಮ ಅಮೆರಿಕದ ಡೆನ್ವರ್‌ನಲ್ಲಿದ್ದಾನೆ. ಅವನು ಬಂದು ಮುಖ ನೋಡಬೇಕಲ್ಲ, ಅದಕ್ಕೆ ಎರಡು ದಿನ ಅಪ್ಪನನ್ನು ಫ್ರೀಜರ್ ಬಾಕ್ಸ್‌ನಲ್ಲಿ ಮನೆಯಲ್ಲೇ ಇಟ್ಟುಕೊಂಡೆವು. ಬಾಕ್ಸ್, ಗಾಡಿ ಎರಡನ್ನೂ ಮಾರ್ಚರಿ ಹತ್ತಿರ ನಿಂತಿದ್ದ ಒಬ್ಬರು ಹೊಂದಿಸಿಕೊಟ್ಟರು. ರೇಟು ಕೇಳಿದರೆ "ಆಮೇಲೆ ನೋಡೋಣ ಅಕ್ಕ" ಅಂದರು. ಆ ಹೊತ್ತಿನಲ್ಲಿ ಚೌಕಾಸಿ ಮಾಡುವ ಮನಸ್ಸು ಯಾರಿಗಿರುತ್ತದೆ?

ಮೊದಲ ರಾತ್ರಿಯೇ ಬಾಕ್ಸ್ ಕೆಟ್ಟಿತು. ಗಾಜಿನ ತುಂಬಾ ನೀರಿನ ಹನಿ. ಕೆಳಗಿನಿಂದ ಹಾಲ್‌ಗೆ ನೀರು ಸೋರುತ್ತಿತ್ತು. ಅಮ್ಮ ಟವೆಲ್ ಹಿಡಿದು ಒರೆಸುತ್ತಲೇ ಕೂತಿದ್ದರು. ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ಕೊನೆಗೆ ಪಕ್ಕದ ಬೀದಿಯ ಹುಡುಗರು ಎಲ್ಲಿಂದಲೋ ಐಸ್ ಗಡ್ಡೆ ತಂದುಕೊಟ್ಟರು. ಬಾಕ್ಸಿನ ಮೂಲೆಯಲ್ಲಿ ಒಣಗಿದ ಸೇವಂತಿಗೆ ಎಸಳುಗಳಿದ್ದವು. ನಾವು ಹಾಕಿದ್ದಲ್ಲ. ನಮಗಿಂತ ಮುಂಚೆ ಯಾರ ಮನೆಯಲ್ಲಿತ್ತೋ, ತೊಳೆದಿರಲೇ ಇಲ್ಲ. ಕೊನೆಗೆ ಕೈಗೆ ಬಂದ ಚೀಟಿಯಲ್ಲಿ ದುಡ್ಡಿನ ಮೊತ್ತ ಬಿಟ್ಟರೆ ಅಂಗಡಿಯ ಹೆಸರೂ ಇರಲಿಲ್ಲ.

ಹದಿಮೂರನೇ ದಿನ ಮುಗಿದ ಮೇಲೆ ತಮ್ಮ ತಾನಿರುವ ಕೊಲೊರಾಡೊ ರಾಜ್ಯದ ಸುದ್ದಿ ಹೇಳಿದ. 2023ರ ಅಕ್ಟೋಬರ್‌ನಲ್ಲಿ ಪೆನ್ರೋಸ್ ಎಂಬ ಊರಿನಲ್ಲಿ, ಅಂತ್ಯಸಂಸ್ಕಾರ ಸಂಸ್ಥೆಯೊಂದರ ಕಟ್ಟಡದಿಂದ ಕೆಟ್ಟ ವಾಸನೆ ಬರುತ್ತಿದೆ ಎಂದು ದೂರು ಬಂತಂತೆ. ಒಳಗೆ ಹೋಗಿ ನೋಡಿದರೆ ಸುಮಾರು 190 ದೇಹಗಳು ಕೊಳೆಯುತ್ತಿದ್ದವು. ಕೆಲವು ಮನೆಯವರಿಗೆ ಬೂದಿ ಎಂದು ಕಾಂಕ್ರೀಟ್ ಪುಡಿ ಕೊಟ್ಟಿದ್ದರು. ಆ ರಾಜ್ಯದಲ್ಲಿ ಈ ಕೆಲಸ ಮಾಡುವವರಿಗೆ ಲೈಸೆನ್ಸೇ ಬೇಕಿರಲಿಲ್ಲ. ಇಷ್ಟೆಲ್ಲ ಆದ ಮೇಲೆ 2024ರಲ್ಲಿ ಲೈಸೆನ್ಸಿಗೂ ನಿಯಮಿತ ತಪಾಸಣೆಗೂ ಕಾನೂನು ಬಂತು. ದರದ ವಿಷಯದಲ್ಲಿ ಮಾತ್ರ ಅಮೆರಿಕದಲ್ಲಿ 1984ರಿಂದಲೇ ನಿಯಮವಿದೆ. ಫೋನ್ ಮಾಡಿ ಕೇಳಿದರೂ ರೇಟು ಹೇಳಲೇಬೇಕು.

ನಮ್ಮಲ್ಲಿ ಬೀದಿ ಬದಿಯ ಇಡ್ಲಿ ಗಾಡಿಗೂ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು. ಆಟೋ ಮೀಟರಿಗೂ ಸೀಲ್ ಬೇಕು. ಹೆತ್ತವರ ದೇಹವನ್ನು ನಂಬಿ ಒಪ್ಪಿಸುವ ಬಾಕ್ಸಿಗೆ, ಗಾಡಿಗೆ ಬೇಡವಾ?

ಈ ಕೆಲಸವನ್ನು ಶ್ರದ್ಧೆಯಿಂದ ಮಾಡುವವರು ಇದ್ದಾರೆ. ಚಿತಾಗಾರದ ಸಿಬ್ಬಂದಿ ಅಪ್ಪನ ಅಸ್ಥಿಯನ್ನು ತಣ್ಣೀರು ಚಿಮುಕಿಸಿ, ಆರಿಸಿ, ಮಡಕೆಗೆ ಹಾಕಿಕೊಟ್ಟ ರೀತಿ ನಾನು ಮರೆಯಲಾರೆ. ಅಂಥವರಿಗೆ ಲೈಸೆನ್ಸ್‌ನಿಂದ ಏನೂ ತೊಂದರೆಯಾಗದು.

ಬಾಡಿಗೆಗೆ ಕೊಡುವ ಪ್ರತಿ ಬಾಕ್ಸಿನ ಮೇಲೂ ನೋಂದಣಿ ನಂಬರ್, ಕೊನೆಯ ತಪಾಸಣೆಯ ತಾರೀಖು ಇರಲಿ. ಮಾರ್ಚರಿ ಬಾಗಿಲಲ್ಲಿ ದರಪಟ್ಟಿ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಕಾಣಲಿ. ಅದರ ಕೆಳಗೆ ದೂರು ಕೊಡಲು ಒಂದು ಫೋನ್ ನಂಬರ್ ಬರೆಸಿ. ರಾತ್ರಿ ಎರಡು ಗಂಟೆಗೆ ಮಾಡಿದರೂ ಎತ್ತುವಂಥದ್ದು.

ಇಂತಿ,
ನಿಮ್ಮ ಓದುಗಿ, ಬೆಂಗಳೂರು