ತಿಮಿಂಗಿಲದ ಗೊಬ್ಬರ

ಮಾನ್ಯ ಸಂಪಾದಕರೇ,

ತಿಮಿಂಗಿಲ ಅಂದರೆ ನಮ್ಮ ಪತ್ರಿಕೆಗಳಲ್ಲಿ ಜಾಸ್ತಿ ಬರುವುದು ಅಂಬರ್‌ಗ್ರಿಸ್ (ತಿಮಿಂಗಿಲದ ಕರುಳಲ್ಲಿ ಹುಟ್ಟುವ ಮೇಣದಂಥ ವಸ್ತು) ಮಾರುವವರ ಬಂಧನದ ಸುದ್ದಿ. ಕೋಟಿ ಬೆಲೆಯ ವಾಂತಿ ಅಂತ ದಪ್ಪಕ್ಷರದ ತಲೆಬರಹ ಬೇರೆ! ನನ್ನ ಕೇಳಿದರೆ ನಿಜವಾದ ಬೆಲೆ ಇರುವುದು ಅದರ ಹಿಕ್ಕೆಗೆ. ಸ್ಪರ್ಮ್ ತಿಮಿಂಗಿಲ ಕತ್ತಲ ಆಳಕ್ಕಿಳಿದು ಸ್ಕ್ವಿಡ್ ಎಂಬ ಮೆದು ಮೈಯ ಕಡಲಜೀವಿಯನ್ನು ತಿನ್ನುತ್ತದೆ. ಉಸಿರಾಡಲು ಮೇಲೆ ಬಂದಾಗ ಹಿಕ್ಕೆ ಹಾಕುತ್ತದೆ. ಅದರಲ್ಲಿನ ಕಬ್ಬಿಣ, ಸಾರಜನಕ ಹೀರಿ ಕಣ್ಣಿಗೆ ಕಾಣದ ಸಸ್ಯಗಳು ಬೆಳೆಯುತ್ತವೆ. ಮೀನಿನ ಊಟ ಶುರುವಾಗುವುದೇ ಅಲ್ಲಿಂದ. ಹೊಲಕ್ಕೆ ಕೊಟ್ಟಿಗೆ ಗೊಬ್ಬರ ಹೊಡೆಯುವ ನಮ್ಮ ದಾವಣಗೆರೆ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಸತ್ತು ಕಡಲ ತಳ ಸೇರಿದ ಒಂದು ತಿಮಿಂಗಿಲದ ಹೆಣ ಹತ್ತಾರು ವರ್ಷ ಆಳದ ಜೀವಿಗಳನ್ನು ಸಾಕುತ್ತದೆ. ವಾಣಿಜ್ಯ ಬೇಟೆಗೆ 1986ರಿಂದ ಅಂತರರಾಷ್ಟ್ರೀಯ ತಡೆ ಇದೆ. ಜಪಾನ್, ನಾರ್ವೆ, ಐಸ್‌ಲ್ಯಾಂಡ್ ಮಾತ್ರ ಕೇಳುತ್ತಿಲ್ಲ. ಭಾನುವಾರದ ಪುರವಣಿಯಲ್ಲಿ ಇದಕ್ಕೊಂದು ಅರ್ಧ ಪುಟ ಕೊಡಿ.

– ಒಬ್ಬ ಓದುಗ, ದಾವಣಗೆರೆ