ಮಾಲ್ಟಾಗೆ ಹೋಗುವವರು ಬಸ್ಸು ಬಿಟ್ಟು ಯಾಟ್ ಹತ್ತಲಿ

ಮಾನ್ಯ ಸಂಪಾದಕರೆ,

ಕಳೆದ ಭಾನುವಾರ ನಿಮ್ಮ ಪ್ರವಾಸ ಪುಟದಲ್ಲಿ ಮಾಲ್ಟಾ ಬಗ್ಗೆ ಬಂದ ಬರಹ ಓದಿದೆ. ಚೆನ್ನಾಗಿತ್ತು. ಆದರೆ ಪೂರ್ತಿ ಬಸ್ಸಿನ ಕಿಟಕಿಯಲ್ಲಿ ಕೂತು ಬರೆದ ಹಾಗಿತ್ತು. ವಿಮಾನ ಇಳಿ, ಹೋಟೆಲ್ ಸೇರು, ಎರಡು ಚರ್ಚು, ಒಂದು ಕೋಟೆ, ವಾಪಸ್. ಕೊನೆಯಲ್ಲಿ ಒಂದೇ ಸಾಲು: ಯಾಟ್ ಪ್ರವಾಸವೂ ಇದೆ, ಅದು ಸಿರಿವಂತರಿಗೆ ಮಾತ್ರ. ಆ ಸಾಲಿಗೆ ನನ್ನ ತಕರಾರಿದೆ. ನಾನು ಸಕಲೇಶಪುರ ಕಡೆಯ ಸಣ್ಣ ಕಾಫಿ ಬೆಳೆಗಾರ. ಸಿರಿವಂತ ಅಂತೂ ಅಲ್ಲ. ಅಣ್ಣ ತಮ್ಮಂದಿರು, ಸ್ನೇಹಿತರ ಒಂದು ಮನೆಯವರು ಸೇರಿ ನಾವು ಆ ದ್ವೀಪ ಸುತ್ತಿದ್ದು ಯಾಟ್‌ನಲ್ಲೇ, ಅಂದರೆ ಮಲಗುವ ಕ್ಯಾಬಿನ್, ಅಡುಗೆಮನೆ ಎಲ್ಲಾ ಇರುವ ಬಾಡಿಗೆ ದೋಣಿಯಲ್ಲೇ. ಇನ್ಯಾರಾದರೂ ಹೊರಟರೆ ಅವರಿಗೂ ಅದನ್ನೇ ಹೇಳುತ್ತೇನೆ.

ಮಾಲ್ಟಾ ಇಟಲಿಯ ಸಿಸಿಲಿ ದ್ವೀಪದ ದಕ್ಷಿಣಕ್ಕಿರುವ ದೇಶ. ಮಾಲ್ಟಾ, ಗೋಝೋ, ಕೊಮಿನೊ ದ್ವೀಪಗಳೆಲ್ಲಾ ಸೇರಿ 316 ಚದರ ಕಿಲೋಮೀಟರ್. ನಮ್ಮ ತಾಲ್ಲೂಕಿಗಿಂತಲೂ ಚಿಕ್ಕದು. ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ, ಕಾಡಿಲ್ಲ, ಹೇಳಿಕೊಳ್ಳುವಂಥ ಬೆಟ್ಟವೂ ಇಲ್ಲ. ಅಲ್ಲಿಗೆ ಯಾಕೆ ದುಡ್ಡು ಸುರೀತೀರಾ ಅಂತ ಊರಲ್ಲಿ ಕೇಳಿದವರಿಗೆ ಕಡಿಮೆ ಇರಲಿಲ್ಲ. ನೆಲದ ಮೇಲೆ ನಿಂತು ನೋಡಿದರೆ ಅವರ ಮಾತು ಅರ್ಧ ಸರಿ ಅನ್ನಿಸುತ್ತದೆ, ಯಾಕೆಂದರೆ ಆ ದ್ವೀಪದಲ್ಲಿ ನೋಡುವಂಥದ್ದೆಲ್ಲ ಸಮುದ್ರದ ಕಡೆ ಮುಖ ಮಾಡಿಕೊಂಡಿದೆ. ಬಸ್ಸಿನವರು ನೋಡುವುದು ಅದರ ಬೆನ್ನು.

ಡಿಂಗ್ಲಿ ಬಂಡೆಗಳನ್ನೇ ತಗೊಳ್ಳಿ. ದೇಶದ ಅತಿ ಎತ್ತರದ ಜಾಗ ಇರುವುದು ಅಲ್ಲೇ, ಅದೂ ಸುಮಾರು 250 ಮೀಟರ್. ಮುಳ್ಳಯ್ಯನಗಿರಿ 1,930 ಮೀಟರ್ ಇರುವಾಗ ನಮಗದು ದಿಬ್ಬ ಅಷ್ಟೆ. ಬಸ್ಸಿನವರು ಮೇಲಿನ ರಸ್ತೆಯಲ್ಲಿ ಇಳಿದು, ಒಂದು ಫೋಟೋ ತೆಗೆದು ಹತ್ತುತ್ತಾರೆ. ಅದೇ ಬಂಡೆಯನ್ನು ಕೆಳಗಿನಿಂದ, ಸಮುದ್ರದ ಮಟ್ಟದಿಂದ, ಗಂಟೆಗೆ ಹತ್ತು ಕಿಲೋಮೀಟರ್ ವೇಗದಲ್ಲಿ ಪಕ್ಕದಲ್ಲೇ ಸಾಗುತ್ತಾ ನೋಡಿದರೆ ಕತ್ತು ನೋಯುತ್ತದೆ, ಆದರೂ ಕಣ್ಣು ತೆಗೆಯಲು ಮನಸ್ಸಾಗುವುದಿಲ್ಲ.

ರಾಜಧಾನಿ ವಾಲೆಟ್ಟಾದ ಗ್ರ್ಯಾಂಡ್ ಹಾರ್ಬರ್ ಕೂಡ ಹಾಗೇ. 1565ರಲ್ಲಿ ಒಟ್ಟೋಮನ್ ತುರ್ಕರು ಮೇ ತಿಂಗಳಿಂದ ಸೆಪ್ಟೆಂಬರ್ ತನಕ ಮುತ್ತಿಗೆ ಹಾಕಿ, ಆಗ ದ್ವೀಪ ಆಳುತ್ತಿದ್ದ ಸೇಂಟ್ ಜಾನ್ ಪಂಥದ ಕ್ರೈಸ್ತ ಯೋಧರನ್ನು ಸೋಲಿಸಲಾಗದೆ ವಾಪಸ್ ಹೋದರು. ಮರು ವರ್ಷವೇ ಆ ಯೋಧರು ವಾಲೆಟ್ಟಾ ಕಟ್ಟಲು ಶುರು ಮಾಡಿದರು. ಕಟ್ಟಿದವರ ಕಣ್ಣೆಲ್ಲ ಸಮುದ್ರದಿಂದ ಬರುವವನ ಮೇಲೆ. ಬಂದರಿನ ಬಾಯಲ್ಲಿ ಒಂದು ಕಡೆ ಸೇಂಟ್ ಎಲ್ಮೊ ಕೋಟೆ, ಇನ್ನೊಂದು ಕಡೆ ರಿಕಾಸೊಲಿ. ಒಳಗೆ ಬಂದರೆ ಸೇಂಟ್ ಆಂಜೆಲೊ. ಎಲ್ಲಾ ಜೇನು ಬಣ್ಣದ ಸುಣ್ಣಕಲ್ಲು. ಸಣ್ಣ ದೋಣಿಯಲ್ಲಿ ಆ ಗೋಡೆಗಳ ನಡುವೆ ನುಗ್ಗುವಾಗ ಇಲ್ಲಿ ಮುತ್ತಿಗೆ ಹಾಕಲು ಬಂದವನ ಪಾಡು ಏನಾಗಿರಬೇಕು ಅಂತ ಸುಮ್ನೆ ಗೊತ್ತಾಗುತ್ತದೆ, ಗೈಡ್ ಬೇಕಾಗಿಲ್ಲ. ನಮ್ಮವರೂ ಇಲ್ಲಿಗೆ ಬಂದಿದ್ದಾರೆ. 1878ರಲ್ಲಿ ಬ್ರಿಟಿಷರು ರಷ್ಯಾವನ್ನು ಹೆದರಿಸಲಿಕ್ಕೆ ಭಾರತದ ಸಿಪಾಯಿಗಳನ್ನು ಹಡಗಿನಲ್ಲಿ ಸೂಯೆಜ್ ಕಾಲುವೆ ದಾಟಿಸಿ ಮಾಲ್ಟಾಗೆ ತಂದಿಳಿಸಿದ್ದರು. ನಿಮ್ಮ ಬರಹದಲ್ಲಿ ಇದು ಇರಲಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಲಂಗರು ಹಾಕುವ ಕೆಲಸ. ದೋಣಿ ನಡೆಸುವ ಸ್ಕಿಪ್ಪರ್ ಇಂಜಿನ್ ನಿಧಾನ ಮಾಡಿ, ಮುಂದೆ ನಿಂತವರಿಗೆ ನೀರಿನ ತಳ ನೋಡಿ ಅನ್ನುತ್ತಾನೆ. ನೀರು ಎಷ್ಟು ತಿಳಿ ಅಂದರೆ ಹತ್ತು ಮೀಟರ್ ಆಳದಲ್ಲೂ ತಳ ಕಾಣುತ್ತದೆ. ತಿಳಿ ಬಣ್ಣ ಕಂಡರೆ ಮರಳು, ಕಪ್ಪಗೆ ಕಂಡರೆ ಪೊಸಿಡೋನಿಯಾ ಅನ್ನುವ ಸಮುದ್ರದ ಹುಲ್ಲು. ಹುಲ್ಲಿನ ಮೇಲೆ ಲಂಗರು ಬಿಡಬಾರದು. ಸರಿಯಾಗಿ ಕಚ್ಚುವುದಿಲ್ಲ, ಜೊತೆಗೆ ಹುಲ್ಲು ಬೇರು ಸಮೇತ ಕಿತ್ತು ಬರುತ್ತದೆ. ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಹಬ್ಬುವ ಗಿಡ ಅದು, ಮೀನಿನ ಮರಿಗಳು ಬೆಳೆಯುವುದೂ ಅದರ ನಡುವೆ. ಹಾಗಾಗಿ ಮರಳಿನ ತೇಪೆ ಹುಡುಕುತ್ತಾ ನಾಲ್ಕು ಸುತ್ತು ಬಂದೆವು. ಸಿಕ್ಕಿದ ಮೇಲೆ ಸರಪಳಿ ಗಡಗಡ ಅಂತ ಇಳಿಯಿತು. ಆಳದ ನಾಲ್ಕೈದು ಪಟ್ಟು ಉದ್ದ ಬಿಟ್ಟು, ಸ್ಕಿಪ್ಪರ್ ಇಂಜಿನ್ ಹಿಂದಕ್ಕೆ ಕೊಟ್ಟು ಎಳೆದು, ಕಚ್ಚಿದೆಯೋ ಇಲ್ಲವೋ ಅಂತ ನೋಡಿದ. ಅಷ್ಟಕ್ಕೂ ಸಮಾಧಾನವಾಗದೆ ನನ್ನ ತಮ್ಮ ಈಜುವ ಕನ್ನಡಕ ಹಾಕಿಕೊಂಡು ನೀರಿಗೆ ಹಾರಿ ನೋಡಿಯೇ ಬಂದ.

ಇದೆಲ್ಲ ನಡೆದಿದ್ದು ಕೊಮಿನೊದ ಸಾಂತಾ ಮರಿಯಾ ಕೊಲ್ಲಿಯಲ್ಲಿ. ಆ ದ್ವೀಪದಲ್ಲಿ ವಾಸ ಇರುವವರು ಬೆರಳೆಣಿಕೆಯಷ್ಟು ಜನ. ಆದರೆ ಹಗಲು ಹೊತ್ತು ಇನ್ನೊಂದು ಬದಿಯ ಬ್ಲೂ ಲಗೂನ್ ಅನ್ನುವ ನೀಲಿ ನೀರಿನ ಕೊಲ್ಲಿಯಲ್ಲಿ ಕಾಲಿಡಲು ಜಾಗ ಇಲ್ಲ, ರಜೆಯ ದಿನದ ಮುಳ್ಳಯ್ಯನಗಿರಿ ರಸ್ತೆಯದ್ದೇ ಕಥೆ. ಜನ ಜಾಸ್ತಿಯಾಗಿ 2025ರಿಂದ ಅಲ್ಲಿಗೂ ಮುಂಚೆಯೇ ಬುಕಿಂಗ್ ಮಾಡಬೇಕು ಅಂತ ನಿಯಮ ಬಂದಿದೆ. ಸಂಜೆ ಕೊನೆಯ ಪ್ರವಾಸಿ ದೋಣಿಗಳು ಹೊರಟವು ಅನ್ನಿ, ಆಮೇಲೆ ಕೊಮಿನೊ ಪೂರ್ತಿ ಬೇರೆ. ಅದು ಸಿಗುವುದು ದೋಣಿಯಲ್ಲೇ ಮಲಗುವವರಿಗೆ.

ಈಗ ದುಡ್ಡಿನ ಮಾತು. ಇಡೀ ಯಾಟ್‌ನ ವಾರದ ಬಾಡಿಗೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ, ನಿಜ. ಆದರೆ ನಾಲ್ಕು ಕ್ಯಾಬಿನ್‌ನ ದೋಣಿಯಲ್ಲಿ ಎಂಟು ಜನ ಮಲಗಬಹುದು. ಹಂಚಿಕೊಂಡು, ಹೋಟೆಲ್ ರೂಮು, ಟ್ಯಾಕ್ಸಿ, ಹೊರಗಿನ ಊಟ ಇಷ್ಟನ್ನು ಕಳೆದು ನೋಡಿದರೆ ನಮ್ಮವರು ಸಾಲು ಹಚ್ಚಿ ಹೋಗುವ ಹತ್ತು ದೇಶದ ಯುರೋಪ್ ಪ್ಯಾಕೇಜಿಗಿಂತ ನಮಗೆ ಜಾಸ್ತಿ ಬೀಳಲಿಲ್ಲ. ಲೈಸೆನ್ಸ್ ಇಲ್ಲದವರು ಸ್ಕಿಪ್ಪರ್ ಇಟ್ಟುಕೊಳ್ಳಲೇಬೇಕು. ಅವನಿಗೆ ಮಲಗಲು ಜಾಗ, ಊಟ, ದಿನದ ಸಂಬಳ ನಮ್ಮದು. ಡೀಸೆಲ್, ದೋಣಿ ಕಟ್ಟಿ ನಿಲ್ಲಿಸುವ ಮರೀನಾದ ಬಾಡಿಗೆ, ಕೊನೆಯ ದಿನದ ಕ್ಲೀನಿಂಗ್, ಠೇವಣಿ ಎಲ್ಲಾ ಬೇರೆ ಬೇರೆ. ನಾವು ಮೊದಲು ಮಾತಾಡಿಸಿದ ಏಜೆಂಟ್ ಇದರಲ್ಲಿ ಅರ್ಧದಷ್ಟನ್ನು ಬಾಯೇ ಬಿಟ್ಟಿರಲಿಲ್ಲ, ನಾವು ಕೆದಕಿ ಕೆದಕಿ ಕೇಳಿದ ಮೇಲೆ ಒಂದೊಂದೇ ಹೊರಗೆ ಬಂತು. ವೀಸಾ ಷೆಂಗೆನ್, ಅಂದರೆ ಯುರೋಪಿನ ಬಹಳಷ್ಟು ದೇಶಗಳಿಗೆ ನಡೆಯುವ ಒಂದೇ ವೀಸಾ. ಭಾಷೆಯ ತೊಂದರೆ ಇಲ್ಲ, ಮಾಲ್ಟೀಸ್ ಜೊತೆ ಇಂಗ್ಲಿಷೂ ಅಲ್ಲಿನ ಅಧಿಕೃತ ಭಾಷೆ.

ಕಷ್ಟವೂ ಇದೆ, ಮುಚ್ಚಿಡುವುದಿಲ್ಲ. ಚಾರ್ಮಾಡಿ ಘಾಟಿಯಲ್ಲೇ ವಾಂತಿಗೆ ಕವರ್ ಹುಡುಕುವವರು ದೋಣಿ ಹೊರಡುವ ಮುಂಚೆಯೇ ಮಾತ್ರೆ ನುಂಗಿರಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿ ಪ್ರಯೋಜನ ಇಲ್ಲ. ಸ್ನಾನದ ನೀರಿಗೆ ಲೆಕ್ಕ ಇದೆ. ಟ್ಯಾಂಕ್ ಖಾಲಿಯಾದರೆ ಮರೀನಾಗೆ ಹೋಗಿ ತುಂಬಿಸಬೇಕು, ಆ ನೀರಿಗೂ ದುಡ್ಡು. ಆ ದೇಶವೇ ಕುಡಿಯುವ ನೀರಿನ ಅರ್ಧಕ್ಕಿಂತ ಜಾಸ್ತಿ ಪಾಲನ್ನು ಸಮುದ್ರದ ಉಪ್ಪು ತೆಗೆದು ಮಾಡಿಕೊಳ್ಳುತ್ತದೆ. ಹೇಮಾವತಿ ದಂಡೆಯಲ್ಲಿ ಹುಟ್ಟಿ ಬೆಳೆದ ನಾವು ಚೊಂಬಿನ ಲೆಕ್ಕದಲ್ಲಿ ಮೈ ತೊಳೆದೆವು. ಮನೆಯವರ ಬೈಗುಳ ಇಲ್ಲಿ ಬರೆಯಲಾರೆ.

ಜುಲೈ, ಆಗಸ್ಟ್ ಬೇಡವೇ ಬೇಡ. ಬಿಸಿಲು ಸುಡುತ್ತದೆ, ಬಾಡಿಗೆಯೂ ಸುಡುತ್ತದೆ. ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಶುರು ಒಳ್ಳೆಯದು. ನಮಗೂ ಮಳೆ ಕಡಿಮೆಯಾಗಿರುತ್ತದೆ, ಅರೇಬಿಕಾ ಕೊಯ್ಲಿಗೆ ಇನ್ನೂ ಸಮಯ ಇರುತ್ತದೆ, ತೋಟ ಬಿಟ್ಟು ಹೋಗಬಹುದು. ಅಲ್ಲಿ ನೀರು ಇನ್ನೂ ಬೆಚ್ಚಗಿರುತ್ತದೆ. ಲಂಪೂಕಿ ಮೀನಿನ ಕಾಲವೂ ಅದೇ. ಅಲ್ಲಿನ ಮೀನುಗಾರರು ತಾಳೆ ಗರಿ ಕಟ್ಟಿದ ತೆಪ್ಪಗಳನ್ನು ಸಮುದ್ರದಲ್ಲಿ ತೇಲಿಬಿಡುತ್ತಾರೆ, ನೆರಳಿಗೆ ಅಂತ ಮೀನು ಬಂದು ಸೇರುತ್ತವೆ, ಸುತ್ತ ಬಲೆ ಹಾಕಿ ಎತ್ತುತ್ತಾರೆ. ನಾವು ಅದನ್ನು ಕೊಂಡು ದೋಣಿಯ ಅಡುಗೆಮನೆಯಲ್ಲೇ ಮನೆಯಿಂದ ಒಯ್ದ ಖಾರದ ಪುಡಿ ಹಾಕಿ ಹುರಿದೆವು, ಸ್ಕಿಪ್ಪರ್ ಎರಡು ಸಲ ಹಾಕಿಸಿಕೊಂಡ. ಸಸ್ಯಾಹಾರಿಗಳಿಗೆ ರಿಕೋಟಾ ಚೀಸ್ ತುಂಬಿದ ಪಸ್ಟಿತ್ಸಿ ಅನ್ನುವ ಪಫ್ ಇದೆ, ಅಗ್ಗ, ಬೀದಿ ಬೀದಿಯಲ್ಲಿ ಸಿಗುತ್ತದೆ.

ಪ್ರವಾಸ ಪುಟದಲ್ಲಿ ಇನ್ನೊಮ್ಮೆ ಇಂಥ ಬರಹ ಹಾಕುವಾಗ, ಸಿರಿವಂತರಿಗೆ ಮಾತ್ರ ಅಂತ ಒಂದು ಸಾಲಲ್ಲಿ ಮುಗಿಸುವ ಬದಲು ಯಾಟ್‌ನ ಖರ್ಚನ್ನು ತಲೆ ಲೆಕ್ಕದಲ್ಲಿ ಬಿಡಿಸಿ ಹಾಕಿ. ಹೋಗಬೇಕೋ ಬೇಡವೋ ಅಂತ ಓದುಗರೇ ನೋಡಿಕೊಳ್ಳುತ್ತಾರೆ, ಅಲ್ವಾ?

— ಕಾಫಿ ಬೆಳೆಗಾರ, ಸಕಲೇಶಪುರ, ಹಾಸನ ಜಿಲ್ಲೆ