ಮಲಗಿದ ಡ್ರ್ಯಾಗನ್: ಆ ಬಿರುದು ಕೊಟ್ಟವರು ಯಾರು?

ಪ್ರೀತಿಯ ತಮ್ಮ,

ಮೂರನೇ ಶತಮಾನದ ಚೀನಾದ ಮಂತ್ರಿ, ಯುದ್ಧತಂತ್ರಗಾರ ಝೂಗೆ ಲಿಯಾಂಗ್ ಬಗ್ಗೆ ನೀನು ಬರೆದದ್ದನ್ನು ಓದಿದೆ. ‘ಮಲಗಿದ ಡ್ರ್ಯಾಗನ್’ ಎಂಬ ಬಿರುದು ಅವನಿಗೆ ಹೇಗೆ ಬಂತು ಅನ್ನುವುದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಮನೆ ಹತ್ತಿರದ ಗುಡ್ಡದ ಹೆಸರನ್ನೇ ತಾನು ಇಟ್ಟುಕೊಂಡ ಅಂತ. ಅದು ‘ಮೂರು ರಾಜ್ಯಗಳ ಕಥೆ’ ಎಂಬ ಚೀನೀ ಕಾದಂಬರಿಯ ಮಾತು. ಆ ಕಾದಂಬರಿ ಬಂದದ್ದು ಅವನು ತೀರಿಕೊಂಡು ಸಾವಿರ ವರ್ಷ ದಾಟಿದ ಮೇಲೆ.

ಇನ್ನೂ ಹಳೆಯ ಮಾತೊಂದಿದೆ. ಮೂರನೇ ಶತಮಾನದ ಇತಿಹಾಸಕಾರ ಚೆನ್ ಶೋ ಆ ಕಾಲದ ಬಗ್ಗೆ ಬರೆದ ಇತಿಹಾಸಕ್ಕೆ ಪೆಯ್ ಸೊಂಗ್‌ಝಿ 429ರಲ್ಲಿ ಟಿಪ್ಪಣಿ ಸೇರಿಸಿದ. ಅದರಲ್ಲಿ ಶಿಯಾಂಗ್‌ಯಾಂಗ್ ಸೀಮೆಯ ದಾಖಲೆಯೊಂದನ್ನು ಎತ್ತಿಕೊಟ್ಟಿದ್ದಾನೆ. ಅದರ ಪ್ರಕಾರ ಬಿರುದು ಕೊಟ್ಟವರು ಪಾಂಗ್ ದೆಗೊಂಗ್ ಎಂಬ ಹಿರಿಯರು. ಅಧಿಕಾರಕ್ಕೆ ಕರೆದರೂ ಹೋಗದೆ ಹೊಲ ಉಳುತ್ತಿದ್ದವರು. ಯುವಕ ಪಾಂಗ್ ತೊಂಗ್‌ನನ್ನು ‘ಫೀನಿಕ್ಸ್ ಮರಿ’ ಎಂದೂ, ವಿದ್ವಾಂಸ ಸಿಮಾ ಹುಯಿಯನ್ನು ‘ನೀರಿನ ಕನ್ನಡಿ’ ಎಂದೂ ಕರೆದವರು ಇವರೇ. ಝೂಗೆ ಇವರ ಮನೆಗೆ ಹೋದಾಗಲೆಲ್ಲ ಮಂಚದ ಕೆಳಗೆ ಬಾಗಿ ನಮಸ್ಕರಿಸುತ್ತಿದ್ದನಂತೆ. ಅವರೂ ಬೇಡಪ್ಪಾ ಅನ್ನುತ್ತಿರಲಿಲ್ಲವಂತೆ. ಇಂಥದ್ದನ್ನು ಹೇಗಪ್ಪಾ ಬಿಟ್ಟೆ?

ಝೂಗೆಯ ಅಕ್ಕನನ್ನು ಪಾಂಗ್ ದೆಗೊಂಗ್ ಅವರ ಮಗನಿಗೆ ಕೊಟ್ಟಿತ್ತು. ಅದನ್ನೂ ಬರೆ. ಬೀಗರ ಮನೆ ಹುಡುಗನನ್ನು ಹೊಗಳಿದರು ಅಂತ ಓದುಗರು ಅಂದುಕೊಂಡರೆ ಅಂದುಕೊಳ್ಳಲಿ. ನನಗಂತೂ ಇದರಿಂದಲೇ ಈ ಕಥೆ ಜಾಸ್ತಿ ಹತ್ತಿರವಾಯಿತು.

ಇನ್ನೊಂದು ಮಾತು. ನಿನ್ನ ಬರಹದಲ್ಲಿ ಬಿರುದು ಬರುವ ಹೊತ್ತಿಗೇ ಅವನು ಮಹಾ ತಂತ್ರಗಾರ ಆಗಿಬಿಟ್ಟಿದ್ದಾನೆ. ಆದರೆ ಆಗ ಅವನಿನ್ನೂ ಯಾವ ಯುದ್ಧವನ್ನೂ ನಡೆಸಿರಲಿಲ್ಲ, ಅಲ್ವಾ? ತಂದೆ ಚಿಕ್ಕಂದಿನಲ್ಲೇ ಹೋಗಿದ್ದರು. ಬದುಕು ಹೊಲದ ಕೆಲಸದಲ್ಲಿ ಸಾಗಿತ್ತು. ಹಳೆಯ ಕಾಲದ ಮಂತ್ರಿ ಗುವಾನ್ ಝೊಂಗ್, ಸೇನಾಪತಿ ಯುಯೆ ಯಿ ಇವರಿಗೆ ತಾನು ಸಮ ಅನ್ನುತ್ತಿದ್ದ. ಜನ ಒಪ್ಪುತ್ತಿರಲಿಲ್ಲ. ನಂಬಿದವರು ಇಬ್ಬರು ಗೆಳೆಯರು. ಅವರಲ್ಲೊಬ್ಬ ಸೇನಾನಾಯಕ ಲಿಯು ಬೆಯ್ ಬಳಿ ಹೋಗಿ, ಮಲಗಿದ ಡ್ರ್ಯಾಗನ್ ಒಬ್ಬನಿದ್ದಾನೆ, ನೋಡುತ್ತೀರಾ ಅಂದ. ಕರೆದುಕೊಂಡು ಬಾ ಅಂದರೆ, ಅವನು ಹಾಗೆ ಬರುವವನಲ್ಲ, ನೀವೇ ಹೋಗಬೇಕು ಅಂದ. ಲಿಯು ಬೆಯ್ ಹೋಗಿದ್ದು 207ರಲ್ಲಿ. ಝೂಗೆಗಿಂತ 20 ವರ್ಷ ದೊಡ್ಡವನು ಅವನು. ಮೂರು ಸಲ ಹೋದ, ಆಮೇಲೆ ಭೇಟಿಯಾಯಿತು ಅನ್ನುವುದನ್ನು ಚೆನ್ ಶೋ ಐದೇ ಚೀನೀ ಅಕ್ಷರಗಳಲ್ಲಿ ಹೇಳಿ ಮುಗಿಸಿದ್ದಾನೆ. ಕಾದಂಬರಿಕಾರ ಅಲ್ಲಿ ಹಿಮ ಸುರಿಸಿ, ಪುಟಗಟ್ಟಲೆ ಬೆಳೆಸಿದ. ಎರಡೂ ನನಗೆ ಇಷ್ಟ. ಆದರೆ ಯಾವ ಮಾತು ಯಾರದ್ದು ಅಂತ ಆಯಾ ಜಾಗದಲ್ಲೇ ಹೇಳಿಬಿಡು.

234ರ ಸಾವಿನವರೆಗೂ ಸುಮ್ನೆ ಎಳೆದಿದ್ದೀಯ. ಆ ಎರಡು ಪುಟ ತೆಗೆದು, ಪಾಂಗ್ ದೆಗೊಂಗ್‌ಗೆ ಆ ಜಾಗ ಕೊಡು. ತಿದ್ದಿದ್ದನ್ನು ಕಳಿಸು, ಓದುತ್ತೇನೆ.

ನಿನ್ನ ಅಣ್ಣ